ಉಷ್ಣವಲಯದ ಮೆಂಬರ್ಸ್ ಗಾಲ್ಫ್ ಕ್ಲಬ್‌ನಲ್ಲಿ ಒಂದು ರೌಂಡ್: ಅತಿಥಿಗಳಿಗೆ ಸಮಗ್ರ ಮಾರ್ಗದರ್ಶಿ

ದುಡ್ಡು ಕಟ್ಟಿ ಯಾರು ಬೇಕಾದರೂ ಆಡಬಹುದಾದ ಗಾಲ್ಫ್ ಕೋರ್ಸ್ ಬೇರೆ, ಮೆಂಬರ್ಸ್ ಕ್ಲಬ್ ಬೇರೆ. ಮೊದಲನೆಯದಕ್ಕೆ ಫೋನಿನಲ್ಲೇ ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ಬುಕ್ ಮಾಡಿ ಹೋಗಿ ನಿಂತರೆ ಆಯಿತು. ಎರಡನೆಯದು ಸದಸ್ಯರ ಸ್ವತ್ತು. ಹೊರಗಿನವರಿಗೆ ಅಲ್ಲಿ ಸಿಗುವುದು ಸದಸ್ಯರು ಆಡಿ ಉಳಿದ ಹೊತ್ತು ಮಾತ್ರ. ಜಾಗ ಉಷ್ಣವಲಯದಲ್ಲಿದ್ದರೆ ಮಳೆ, ಮಿಂಚು, ಸೆಕೆ ಮೂರೂ ಸೇರಿ ಆ ಉಳಿದ ಹೊತ್ತಿನಲ್ಲೂ ಪಾಲು ಕೇಳುತ್ತವೆ.

ಹಾಗಾಗಿ ಇಂಥ ಭೇಟಿಯ ತಯಾರಿ ಅಂದರೆ ಮುಖ್ಯವಾಗಿ ಎರಡು ಕ್ಯಾಲೆಂಡರ್‌ಗಳನ್ನು ಹೊಂದಿಸುವ ಕೆಲಸ. ಒಂದು ಕ್ಲಬ್‌ನದು, ಇನ್ನೊಂದು ಮಳೆಯದು. ಬಟ್ಟೆ, ಕಿಟ್, ಬಗ್ಗಿ (ಕೋರ್ಸಿನಲ್ಲಿ ಓಡಾಡುವ ಪುಟ್ಟ ಗಾಡಿ) ಎಲ್ಲ ಆಮೇಲೆ. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ವಿಮಾನದ ಟಿಕೆಟ್ ಮೊದಲು, ಕ್ಲಬ್‌ಗೆ ಫೋನ್ ಕೊನೆಗೆ. ಆಗ ‘ಆ ವಾರ ಆಗಲ್ಲ’ ಅನ್ನುವ ಉತ್ತರ ಬಂದರೆ ಯಾರನ್ನೂ ದೂರುವ ಹಾಗಿಲ್ಲ.

ಹೆಜ್ಜೆ 1: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ?

ಮೆಂಬರ್ಸ್ ಕ್ಲಬ್‌ಗೆ ಹೊರಗಿನವರು ಹೋಗಲು ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಸದಸ್ಯರ ಅತಿಥಿಯಾಗಿ. ಇದೇ ಎಲ್ಲಕ್ಕಿಂತ ಸಲೀಸು. ಟೀ ಟೈಮ್ ಅವರ ಹೆಸರಿನಲ್ಲಿ ಸಿಗುತ್ತದೆ, ಅತಿಥಿಗಳ ಫೀ ಕೂಡ ಹೊರಗಿನವರ ಫೀಗಿಂತ ಸಾಮಾನ್ಯವಾಗಿ ಕಡಿಮೆ. ಆದರೆ ಎರಡು ವಿಷಯ ಮೊದಲೇ ಕೇಳಿಕೊಳ್ಳಿ. ಸದಸ್ಯರು ಜೊತೆಗೇ ಆಡಬೇಕಾ, ಅಥವಾ ಪರಿಚಯಿಸಿದರೆ ಸಾಕಾ? ಒಬ್ಬ ಸದಸ್ಯರು ದಿನಕ್ಕೆ ಎಷ್ಟು ಅತಿಥಿಗಳನ್ನು ಕರೆತರಬಹುದು? ಮೂರು ಜನ ಗೆಳೆಯರನ್ನು ಕಟ್ಟಿಕೊಂಡು ಹೋಗಿ, ಇಬ್ಬರಿಗೆ ಮಾತ್ರ ಅವಕಾಶ ಅಂತ ಗೇಟಿನಲ್ಲಿ ಗೊತ್ತಾಗಬಾರದು ಅಲ್ವಾ?

ಎರಡನೆಯದು ರೆಸಿಪ್ರೋಕಲ್ ವ್ಯವಸ್ಥೆ. ಬೇರೆ ಬೇರೆ ದೇಶಗಳ ಕ್ಲಬ್‌ಗಳು ಪರಸ್ಪರ ಒಪ್ಪಂದ ಮಾಡಿಕೊಂಡಿರುತ್ತವೆ. ನೀವು ಯಾವುದಾದರೂ ಕ್ಲಬ್‌ನ ಸದಸ್ಯರಾಗಿದ್ದರೆ ಅದರ ಪಟ್ಟಿ ನೋಡಿ. ಗಾಲ್ಫ್ ಕ್ಲಬ್ಬೇ ಆಗಬೇಕೆಂದಿಲ್ಲ, ಊಟ, ಈಜು, ಟೆನಿಸ್‌ಗಷ್ಟೇ ಇರುವ ಸೋಷಿಯಲ್ ಕ್ಲಬ್‌ಗಳಿಗೂ ಇಂಥ ಒಪ್ಪಂದ ಇರುತ್ತದೆ. ಹೋಗುವ ಮೊದಲು ನಿಮ್ಮ ಕ್ಲಬ್‌ನ ಕಾರ್ಯದರ್ಶಿಯಿಂದ ಪರಿಚಯ ಪತ್ರ ಬೇಕು. ಬರೀ ಸದಸ್ಯತ್ವದ ಕಾರ್ಡ್ ತೋರಿಸಿದರೆ ಬಹಳ ಕಡೆ ನಡೆಯುವುದಿಲ್ಲ. ಒಪ್ಪಂದದಲ್ಲಿ ಗಾಲ್ಫ್ ಸೇರಿದೆಯೋ, ಬರೀ ಕ್ಲಬ್‌ಹೌಸ್ ಮಾತ್ರವೋ ಅನ್ನುವುದನ್ನೂ ಓದಿ ನೋಡಿ. ಈ ಸಾಲು ಯಾವಾಗಲೂ ಸಣ್ಣ ಅಕ್ಷರದಲ್ಲೇ ಇರುತ್ತದೆ.

ಮೂರನೆಯದು, ವಿಸಿಟರ್ ಆಗಿ ನೇರವಾಗಿ ಕೇಳುವುದು. ಕೆಲವು ಕ್ಲಬ್‌ಗಳು ವಾರದ ನಡುವೆ ಒಂದಷ್ಟು ಹೊತ್ತನ್ನು ಹೊರಗಿನವರಿಗೆ ಬಿಡುತ್ತವೆ. ಕೆಲವು ಬಿಡುವುದೇ ಇಲ್ಲ. ಹಳೆಯ ಕ್ಲಬ್‌ಗಳು ಹೊರಗಿನವರನ್ನು ಸೇರಿಸುವುದಿಲ್ಲ ಅಂತ ಸುಮ್ನೆ ಅಂದುಕೊಂಡು ಬಿಡಬೇಡಿ. ಉಷ್ಣವಲಯದಲ್ಲಿ ನಿಜಕ್ಕೂ ಹಳೆಯ ಕ್ಲಬ್‌ಗಳಿವೆ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಶುರುವಾದದ್ದು 1829ರಲ್ಲಿ, ರಾಯಲ್ ಕೊಲಂಬೊ 1879ರಲ್ಲಿ, ಕ್ವಾಲಾಲಂಪುರದ ರಾಯಲ್ ಸೆಲಂಗೋರ್ 1893ರಲ್ಲಿ. ಕೊಲಂಬೊದ ಕೋರ್ಸಿನ ನಡುವೆಯೇ ರೈಲು ಹಳಿ ಹಾದುಹೋಗುತ್ತದೆ. ಆಟ ನಿಲ್ಲಿಸಿ ರೈಲಿಗೆ ದಾರಿ ಬಿಡುವ ಜಾಗವನ್ನು ನೋಡುವ ಆಸೆ ಯಾರಿಗಿರುವುದಿಲ್ಲ? ಒಂದೊಂದು ಕ್ಲಬ್‌ನ ನಿಯಮ ಒಂದೊಂದು ತರಹ, ಅದೂ ಆಗಾಗ ಬದಲಾಗುತ್ತದೆ. ಹಳೆಯ ಪ್ರವಾಸಿಗರ ಮಾತನ್ನು ನಂಬುವ ಬದಲು ಕ್ಲಬ್‌ನ ಕಚೇರಿಯನ್ನೇ ಕೇಳಿ.

ಹೆಜ್ಜೆ 2: ಮಳೆಯ ಕ್ಯಾಲೆಂಡರ್ ನೋಡಿ

‘ಉಷ್ಣವಲಯದಲ್ಲಿ ವರ್ಷವಿಡೀ ಆಡಬಹುದು’ ಅನ್ನುವ ಜಾಹೀರಾತಿನ ಮಾತು ಅರ್ಧ ನಿಜ. ಹಿಮ ಬಿದ್ದು ಕೋರ್ಸ್ ಮುಚ್ಚುವುದಿಲ್ಲ, ಸರಿ. ಆದರೆ ಯಾವ ತಿಂಗಳು ಅನ್ನುವುದರ ಮೇಲೆ ಆಟದ ರೂಪವೇ ಬದಲಾಗುತ್ತದೆ.

ಸಮಭಾಜಕ ವೃತ್ತದ ಹತ್ತಿರ, ಅಂದರೆ ಸಿಂಗಪುರ, ಕ್ವಾಲಾಲಂಪುರದ ಕಡೆ, ಮಳೆ ಇಲ್ಲದ ತಿಂಗಳು ಅಂತ ಇಲ್ಲವೇ ಇಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ, ಎರಡು ಮಾನ್ಸೂನ್‌ಗಳ ನಡುವೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ನೆಲ ಕಾಯುತ್ತದೆ, ಹೊತ್ತು ಇಳಿಯುವಷ್ಟರಲ್ಲಿ ಮೋಡ ಗೋಪುರದಂತೆ ಎದ್ದು ಸುರಿಯುತ್ತದೆ. ಮಲೇಷ್ಯಾದ ಪೂರ್ವ ಕರಾವಳಿಗೆ ನವೆಂಬರ್‌ನಿಂದ ಈಶಾನ್ಯ ಮಾರುತದ ಜಡಿಮಳೆ. ಥಾಯ್ಲೆಂಡ್‌ನ ಬಹುಭಾಗಕ್ಕೆ ಮಳೆಗಾಲ ಮೇಯಿಂದ ಅಕ್ಟೋಬರ್. ಕೆರಿಬಿಯನ್ ದ್ವೀಪಗಳಿಗೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಲೆಕ್ಕ ತಲೆಕೆಳಗು: ನವೆಂಬರ್‌ನಿಂದ ಏಪ್ರಿಲ್ ಮಳೆ, ಉಳಿದದ್ದು ಒಣಹವೆ.

ಮಳೆಯ ಜೊತೆ ಹೊಗೆಯನ್ನೂ ನೋಡಿ. ಥಾಯ್ಲೆಂಡ್‌ನ ಉತ್ತರ ಭಾಗದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿ ಹಚ್ಚಿದ ಹೊಲ, ಕಾಡುಗಳ ಹೊಗೆ ಕವಿಯುತ್ತದೆ. ಸಿಂಗಪುರ, ಮಲೇಷ್ಯಾಕ್ಕೆ ಕೆಲವು ವರ್ಷ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಇಂಡೋನೇಷ್ಯಾ ಕಡೆಯಿಂದ ಹೊಗೆ ಬರುತ್ತದೆ. ಉಸಿರಾಟದ ತೊಂದರೆ ಇರುವವರು ಈ ತಿಂಗಳುಗಳನ್ನು ಬಿಡುವುದೇ ಒಳ್ಳೆಯದು.

ಹಾಗಂತ ಮಳೆಗಾಲವನ್ನು ಪೂರ್ತಿ ಬಿಡಬೇಕು ಅಂತಲ್ಲ. ನನ್ನನ್ನು ಕೇಳಿದರೆ ಮಳೆಗಾಲದ ಶುರು ಅಥವಾ ಕೊನೆಯ ವಾರಗಳೇ ಚೆನ್ನ. ಹುಲ್ಲು ಹಸಿರಾಗಿರುತ್ತದೆ, ಜನ ಕಡಿಮೆ, ಕ್ಲಬ್ ಹೊರಗಿನವರನ್ನು ಒಪ್ಪುವ ಸಾಧ್ಯತೆಯೂ ಜಾಸ್ತಿ. ಪ್ರವಾಸದಲ್ಲಿ ಒಂದೇ ದಿನವನ್ನು ಗಾಲ್ಫ್‌ಗೆ ಇಡಬೇಡಿ ಅಷ್ಟೇ. ಮಳೆಗೆ ಒಂದು ದಿನ ಹೋದರೆ ಇನ್ನೊಂದು ಕೈಯಲ್ಲಿರಲಿ.

ಹೆಜ್ಜೆ 3: ಕ್ಲಬ್‌ನ ಕ್ಯಾಲೆಂಡರ್ ಕೇಳಿ

ಸದಸ್ಯರು ವರ್ಷವಿಡೀ ಚಂದಾ ಕಟ್ಟುತ್ತಾರೆ. ಶನಿವಾರ, ಭಾನುವಾರದ ಬೆಳಿಗ್ಗೆ ಅವರದು. ತಿಂಗಳ ಮೆಡಲ್ ಸ್ಪರ್ಧೆ, ಕ್ಲಬ್ ಚಾಂಪಿಯನ್‌ಶಿಪ್, ಬೇರೆ ಕ್ಲಬ್‌ಗಳ ಜೊತೆಗಿನ ಪಂದ್ಯ, ವಾರದ ನಡುವೆ ಒಂದು ದಿನ ಮಹಿಳೆಯರ ಸ್ಪರ್ಧೆ, ಇದೆಲ್ಲ ಮೊದಲೇ ನಿಗದಿಯಾಗಿರುತ್ತದೆ. ಇದರ ಜೊತೆಗೆ ಕಂಪನಿಗಳ ಪಂದ್ಯಗಳು. ಅಂಥ ದಿನ ಎಲ್ಲರೂ ಬೇರೆ ಬೇರೆ ಹೋಲ್‌ಗಳಿಂದ (ಕೋರ್ಸಿನ ಒಂದೊಂದು ಭಾಗಕ್ಕೆ ಹೋಲ್ ಅನ್ನುತ್ತಾರೆ) ಒಟ್ಟಿಗೇ ಶುರು ಮಾಡುತ್ತಾರೆ, ಅದಕ್ಕೆ ಶಾಟ್‌ಗನ್ ಸ್ಟಾರ್ಟ್ ಅನ್ನುತ್ತಾರೆ. ಆ ಐದು ಗಂಟೆ ಕೋರ್ಸಿನಲ್ಲಿ ಬೇರೆಯವರಿಗೆ ಜಾಗವೇ ಇರುವುದಿಲ್ಲ.

ಇನ್ನೊಂದು ವಿಷಯವನ್ನು ಕೇಳುವವರು ಕಡಿಮೆ: ಗ್ರೀನ್‌ಗಳ (ಪ್ರತಿ ಹೋಲಿನ ಕೊನೆಯ ನುಣುಪು ಹುಲ್ಲಿನ ಜಾಗ) ರಿಪೇರಿ ಯಾವಾಗ? ಬಿಸಿಲು, ಮಳೆ ಎರಡೂ ಇರುವ ಕಡೆ ಹುಲ್ಲು ವರ್ಷವಿಡೀ ಬೆಳೆಯುತ್ತದೆ, ನೆಲವೂ ಬೇಗ ಗಟ್ಟಿಯಾಗುತ್ತದೆ. ಅದಕ್ಕೆ ವರ್ಷದಲ್ಲಿ ಆಗಾಗ ಗ್ರೀನ್‌ಗೆ ಸಣ್ಣ ಸಣ್ಣ ತೂತು ಕೊರೆದು ಮರಳು ತುಂಬುತ್ತಾರೆ. ಹೊಸದಾಗಿ ಮರಳು ಹಾಕಿದ ಗ್ರೀನ್‌ನಲ್ಲಿ ಪಟ್ ಮಾಡಿದರೆ, ಅಂದರೆ ಚೆಂಡನ್ನು ಉರುಳಿಸಿ ಹೊಡೆದರೆ, ಅದು ಕುಣಿಯುತ್ತಾ ಹೋಗುತ್ತದೆ. ಪೂರ್ತಿ ಫೀ ಕಟ್ಟಿ ಅದನ್ನು ಅನುಭವಿಸುವುದು ಬೇಡ. ಅನೇಕ ಕ್ಲಬ್‌ಗಳು ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ಮೇಂಟೆನೆನ್ಸ್‌ಗೆ ಪೂರ್ತಿ ಅಥವಾ ಅರ್ಧ ದಿನ ಮುಚ್ಚುತ್ತವೆ.

ಎರಡು ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿದರೆ ಸಾಮಾನ್ಯವಾಗಿ ಉಳಿಯುವುದು ಮಂಗಳವಾರದಿಂದ ಗುರುವಾರದ ಬೆಳಿಗ್ಗೆ. ಪ್ರವಾಸದ ಉಳಿದ ಕೆಲಸಗಳನ್ನು ಅದರ ಸುತ್ತ ಹೊಂದಿಸಿ.

ಹೆಜ್ಜೆ 4: ಹ್ಯಾಂಡಿಕ್ಯಾಪ್ ಮತ್ತು ಪತ್ರ

ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಸಂಖ್ಯೆ, ಕಡಿಮೆಯಿದ್ದಷ್ಟೂ ಆಟ ಚೆನ್ನ) ಸರ್ಟಿಫಿಕೇಟ್ ಕೇಳದ ಮೆಂಬರ್ಸ್ ಕ್ಲಬ್ ಕಡಿಮೆ. ಕಾರಣ ಜಂಬ ಅಲ್ಲ. ಆಟ ಬಾರದವರು ನಾಲ್ಕು ಜನ ಸಿಕ್ಕಿಹಾಕಿಕೊಂಡರೆ ಹಿಂದಿನ ಎಲ್ಲರ ಬೆಳಗೂ ಹಾಳು. 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್‌ನಿಂದ ಈ ಕೆಲಸ ಸುಲಭವಾಗಿದೆ. ಒಂದು ದೇಶದಲ್ಲಿ ಪಡೆದ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಇನ್ನೊಂದು ದೇಶದಲ್ಲೂ ನಡೆಯುತ್ತದೆ. ಗಂಡಸರಿಗೂ ಹೆಂಗಸರಿಗೂ ಗರಿಷ್ಠ 54.0. ಆದರೆ ಕ್ಲಬ್‌ಗಳು ಅತಿಥಿಗಳಿಗೆ ಇದಕ್ಕಿಂತ ಕಡಿಮೆ ಮಿತಿ ಇಡಬಹುದು. ಅದನ್ನು ಮೊದಲೇ ಕೇಳಿ.

ಇಂಡೆಕ್ಸ್ ಎಲ್ಲ ಕಡೆ ಒಂದೇ, ಆದರೆ ಅದಕ್ಕೆ ರಿಯಾಯಿತಿಯಾಗಿ ಸಿಗುವ ಹೊಡೆತಗಳು ಕೋರ್ಸಿನಿಂದ ಕೋರ್ಸಿಗೆ ಬದಲಾಗುತ್ತವೆ. ಪರಿಣತರಿಗೆ ಹೋಲಿಸಿದರೆ ಸಾಧಾರಣ ಆಟಗಾರರಿಗೆ ಕೋರ್ಸ್ ಎಷ್ಟು ಕಷ್ಟ ಅಂತ ಹೇಳುವ ಸ್ಲೋಪ್ ರೇಟಿಂಗ್ 55ರಿಂದ 155ರವರೆಗೆ ಇರುತ್ತದೆ, ಸಾಧಾರಣ ಕೋರ್ಸ್ ಅಂದರೆ 113. ನಿಮ್ಮ ಇಂಡೆಕ್ಸ್ 18.0, ಕೋರ್ಸಿನ ಸ್ಲೋಪ್ 130, ಕೋರ್ಸ್ ರೇಟಿಂಗ್ (ಪರಿಣತರಿಗೆ ಬೇಕಾಗುವ ಹೊಡೆತಗಳ ಅಂದಾಜು) ಮತ್ತು ಪಾರ್ (ಕೋರ್ಸಿಗೆ ನಿಗದಿಯಾದ ಹೊಡೆತಗಳು) ಎರಡೂ 72 ಅಂತಿಟ್ಟುಕೊಳ್ಳಿ. 18ನ್ನು 130ರಿಂದ ಗುಣಿಸಿ 113ರಿಂದ ಭಾಗಿಸಿದರೆ 20.7, ಅಂದರೆ 21 ಹೊಡೆತ. ಕೋರ್ಸ್ ರೇಟಿಂಗ್ ಪಾರ್‌ಗಿಂತ ಹೆಚ್ಚೋ ಕಡಿಮೆಯೋ ಇದ್ದರೆ ಆ ವ್ಯತ್ಯಾಸವನ್ನೂ ಕೂಡಬೇಕು ಅಥವಾ ಕಳೆಯಬೇಕು. ಕ್ಲಬ್‌ಹೌಸ್‌ನ ಗೋಡೆಯಲ್ಲಿ ಇದರ ಪಟ್ಟಿಯೇ ಇರುತ್ತದೆ, ತಲೆಬಿಸಿ ಬೇಡ.

ಇನ್ನು ಪತ್ರ. ಇಮೇಲ್ ಸಾಕು, ಆದರೆ ಅದರಲ್ಲಿ ಎಲ್ಲ ಇರಲಿ. ಯಾರು ನೀವು, ಎಷ್ಟು ಜನ, ಯಾವ ಕ್ಲಬ್‌ನವರು, ಪ್ರತಿಯೊಬ್ಬರ ಇಂಡೆಕ್ಸ್ ಎಷ್ಟು, ಆಗಬಹುದಾದ ಎರಡು-ಮೂರು ದಿನಗಳು, ಬಗ್ಗಿ ಬೇಕಾ, ಕ್ಯಾಡಿ (ಕಿಟ್ ಹೊತ್ತು ಜೊತೆಗೆ ಬರುವ ಸಹಾಯಕರು) ಬೇಕಾ, ಬಾಡಿಗೆಗೆ ಕೋಲುಗಳ ಸೆಟ್ ಬೇಕಾ. ಎಡಗೈ ಆಟಗಾರರಿದ್ದರೆ ಖಂಡಿತ ಬರೆಯಿರಿ, ಎಡಗೈ ಸೆಟ್ ಎಲ್ಲ ಕಡೆ ಇರುವುದಿಲ್ಲ. ಒಂದೇ ದಿನ ಕೊಟ್ಟು ‘ಇದೇ ಬೇಕು’ ಅನ್ನುವುದಕ್ಕಿಂತ ‘ನಿಮಗೆ ಯಾವುದು ಅನುಕೂಲ?’ ಅಂತ ಕೇಳಿದರೆ ಕಚೇರಿಯವರು ದಾರಿ ಹುಡುಕಿಕೊಡುತ್ತಾರೆ. ಕಾರ್ಯದರ್ಶಿ ಕೂಡ ಮನುಷ್ಯರೇ.

ಉತ್ತರ ಬಂದ ಮೇಲೆ ದುಡ್ಡಿನ ಮಾತು ಮುಗಿಸಿ. ಫೀನಲ್ಲಿ ಬಗ್ಗಿ, ಕ್ಯಾಡಿ, ವಿಮೆ ಸೇರಿದೆಯಾ? ಮಳೆಯಿಂದ ಆಟ ನಿಂತರೆ ಏನು? ಕೆಲವು ಕಡೆ ಆಡಿದ ಹೋಲ್‌ಗಳ ಲೆಕ್ಕ ಹಾಕಿ ಉಳಿದದ್ದಕ್ಕೆ ರೇನ್ ಚೆಕ್ ಕೊಡುತ್ತಾರೆ, ಅಂದರೆ ಇನ್ನೊಂದು ದಿನ ಬಂದು ಆಡುವ ಚೀಟಿ. ನಾಳೆಯೇ ವಿಮಾನ ಹತ್ತುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಇಂಥದ್ದೆಲ್ಲ ಬರವಣಿಗೆಯಲ್ಲಿ ಇರಲಿ.

ಹೆಜ್ಜೆ 5: ಎಷ್ಟು ಗಂಟೆಗೆ?

ಸಿಗುವ ಮೊದಲ ಟೀ ಟೈಮ್ ತೆಗೆದುಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಸೆಕೆ ಏರುವ ಮೊದಲು ಅರ್ಧ ಆಟ ಮುಗಿದಿರುತ್ತದೆ, ಗುಡುಗು ಶುರುವಾಗುವಷ್ಟರಲ್ಲಿ ಊಟಕ್ಕೆ ಕೂತಿರುತ್ತೀರಿ.

ಮಧ್ಯಾಹ್ನವೇ ಗತಿ ಅಂತಾದರೆ ಹಿಂದಿನಿಂದ ಲೆಕ್ಕ ಹಾಕಿ. 18 ಹೋಲ್‌ಗೆ ನಾಲ್ಕೂವರೆಯಿಂದ ಐದು ಗಂಟೆ ಹಿಡಿಯಿರಿ. ಸಮಭಾಜಕ ವೃತ್ತದ ಹತ್ತಿರ ಹಗಲು ವರ್ಷವಿಡೀ ಸುಮಾರು 12 ಗಂಟೆ, ಸಂಜೆಗತ್ತಲು ಬೇಗ ಮುಗಿದುಹೋಗುತ್ತದೆ. ಯುರೋಪಿನ ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೆ ಆಡಿದವರಿಗೆ ಇದು ಅಂದಾಜಿಗೆ ಸಿಗುವುದಿಲ್ಲ. ಸಿಂಗಪುರದಲ್ಲಿ ಸೂರ್ಯ ಮುಳುಗುವುದು ಏಳರ ಆಸುಪಾಸಿಗೆ. ಎರಡೂವರೆಗೆ ಶುರು ಮಾಡಿದರೆ ಮಳೆಗೆ ಒಂದು ಗಂಟೆ ನಿಂತರೂ ಆಟ ಪೂರ್ತಿಯಾಗುವುದಿಲ್ಲ. ಕೆಲವು ಕ್ಲಬ್‌ಗಳಲ್ಲಿ ದೊಡ್ಡ ದೀಪ ಹಾಕಿ ರಾತ್ರಿ ಆಡಿಸುತ್ತಾರೆ. ತಂಪಿರುತ್ತದೆ, ಖುಷಿಯೂ ಆಗುತ್ತದೆ, ಆದರೆ ಹೊಸ ಕೋರ್ಸನ್ನು ಮೊದಲ ಸಲ ನೋಡಲು ಅದು ಸರಿಯಾದ ಹೊತ್ತಲ್ಲ.

ಹೆಜ್ಜೆ 6: ಬಟ್ಟೆ, ಶೂ, ಕಿಟ್

ಡ್ರೆಸ್ ಕೋಡ್ ಬಹುತೇಕ ಎಲ್ಲ ಕಡೆ ಒಂದೇ: ಕಾಲರ್ ಇರುವ ಶರ್ಟು, ಒಳಗೆ ಸಿಕ್ಕಿಸಿದ್ದು. ಪ್ಯಾಂಟು ಅಥವಾ ಮಂಡಿಯವರೆಗಿನ ನೀಟಾದ ಚಡ್ಡಿ. ಜೀನ್ಸ್, ಟ್ರ್ಯಾಕ್ ಪ್ಯಾಂಟ್, ಪಕ್ಕದಲ್ಲಿ ದೊಡ್ಡ ಜೇಬಿರುವ ಕಾರ್ಗೋ, ರೌಂಡ್ ನೆಕ್ ಟೀ ಶರ್ಟು ಬೇಡ. ಶೂಗೆ ಲೋಹದ ಮುಳ್ಳು ಇರಬಾರದು, ಪ್ಲಾಸ್ಟಿಕ್ ಸ್ಪೈಕ್ ಅಥವಾ ಸ್ಪೈಕ್ ಇಲ್ಲದ್ದು. ಕ್ಲಬ್‌ಹೌಸ್‌ಗೆ ಬೇರೆ ನಿಯಮವಿರುತ್ತದೆ, ಊಟದ ಕೋಣೆಗೆ ಕೆಲವು ಕಡೆ ಉದ್ದ ಪ್ಯಾಂಟು ಮತ್ತು ಮಾಮೂಲಿ ಶೂ ಕಡ್ಡಾಯ.

ಸೆಕೆ ನಾಡಿನಲ್ಲಿ ಇದಕ್ಕೆ ಸೇರಿಸಬೇಕಾದ್ದು ಬೇರೆ ಇದೆ. ಗ್ಲೌಸ್ ಮೂರು ಇರಲಿ. ಒಂದು ಬೆವರಿಗೆ ನೆನೆದರೆ ಬಗ್ಗಿಯಲ್ಲಿ ತೂಗುಹಾಕಿ ಇನ್ನೊಂದು ಹಾಕಿಕೊಳ್ಳಿ. ಮಳೆಗೆಂದೇ ಬರುವ ಗ್ಲೌಸ್ ನೆನೆದಷ್ಟೂ ಹಿಡಿತ ಕೊಡುತ್ತದೆ. ಟವೆಲ್ ಎರಡು: ಒಂದು ಕೈ, ಮುಖಕ್ಕೆ, ಇನ್ನೊಂದು ಚೆಂಡು, ಕೋಲಿಗೆ. ಸಾಕ್ಸ್ ಇನ್ನೊಂದು ಜೊತೆ. ಬದಲಾಯಿಸಲು ಪೂರ್ತಿ ಬಟ್ಟೆ. ಮಳೆಯ ಜಾಕೆಟ್ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಆ ಸೆಕೆಯಲ್ಲಿ ಜಾಕೆಟ್ಟಿನೊಳಗೆ ಬೆವರಿಗೇ ನೆನೆಯುತ್ತೀರಿ. ದೊಡ್ಡ ಛತ್ರಿ ಸಾಕು. ಅದೂ ಗುಡುಗು ಇಲ್ಲದಾಗ ಮಾತ್ರ.

ಸೆಟ್ ಹೊತ್ತೊಯ್ಯಬೇಕಾ, ಬಾಡಿಗೆಗೆ ತೆಗೆದುಕೊಳ್ಳಬೇಕಾ? ಒಂದೇ ರೌಂಡ್ ಆದರೆ ಬಾಡಿಗೆಯೇ ಸರಿ. ಶೂ, ಗ್ಲೌಸ್, ಚೆಂಡು ನಿಮ್ಮದೇ ಇರಲಿ. ನಾಲ್ಕೈದು ರೌಂಡ್ ಆಡುವವರು ಹೊತ್ತೊಯ್ಯಲಿ. 14 ಕೋಲಿಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಕೋಲುಗಳನ್ನು ವಿಮಾನದ ಕ್ಯಾಬಿನ್‌ನಲ್ಲಿ ಬಿಡುವುದಿಲ್ಲ, ಲಗೇಜಿಗೇ ಹಾಕಬೇಕು. ದೂರ ಅಳೆಯುವ ರೇಂಜ್‌ಫೈಂಡರ್‌ನ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಮಾತ್ರ ಉಲ್ಟಾ: ಅವು ಕೈ ಚೀಲದಲ್ಲೇ ಇರಬೇಕು.

ಸೊಳ್ಳೆ ಔಷಧಿಯ ಬಗ್ಗೆ ಒಂದು ಮಾತು. ಡೀಟ್ ಇರುವ ಔಷಧಿ ಕೆಲವು ಪ್ಲಾಸ್ಟಿಕ್, ರಬ್ಬರ್‌ಗಳನ್ನು ತಿನ್ನುತ್ತದೆ. ಹಚ್ಚಿಕೊಂಡ ಕೈಯಲ್ಲಿ ಗ್ರಿಪ್ ಅಥವಾ ವಾಚಿನ ಗಾಜು ಮುಟ್ಟಬೇಡಿ. ಸ್ಪ್ರೇ ಮಾಡಿಕೊಳ್ಳುವುದಾದರೆ ಹುಲ್ಲಿನ ಮೇಲೆ ನಿಂತು ಮಾಡಬೇಡಿ, ಬಗ್ಗಿಯ ದಾರಿಯಲ್ಲಿ ನಿಲ್ಲಿ. ಗ್ರೀನ್ ಮೇಲೆ ಸ್ಪ್ರೇ ಬಿದ್ದರೆ ಹುಲ್ಲು ಸುಟ್ಟು ನಿಮ್ಮ ಪಾದದ ಗುರುತು ಎಷ್ಟೋ ದಿನ ಹಾಗೇ ಉಳಿಯುತ್ತದೆ. ಗ್ರೀನ್ ನೋಡಿಕೊಳ್ಳುವವರಿಗೆ ಇದಕ್ಕಿಂತ ಸಿಟ್ಟು ತರಿಸುವ ಕೆಲಸ ಇನ್ನೊಂದಿಲ್ಲ.

ಹೆಜ್ಜೆ 7: ಸೆಕೆಗೆ ದೇಹ ಸಿದ್ಧವಾಗಲಿ

ತಂಪು ಊರಿನಿಂದ ಬಂದ ಮರುದಿನವೇ 18 ಹೋಲ್ ನಡೆಯುವ ಹಟ ಬೇಡ. ದೇಹ ಸೆಕೆಗೆ ಪೂರ್ತಿ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟು ದಿನ ಯಾರಿಗಿದೆ? ಅದಕ್ಕೇ ಬಗ್ಗಿ ತೆಗೆದುಕೊಳ್ಳಿ, ಅಥವಾ ಮೊದಲ ದಿನ 9 ಹೋಲ್‌ಗೆ ನಿಲ್ಲಿಸಿ.

ಕಷ್ಟ ಕೊಡುವುದು ಬಿಸಿಲಿಗಿಂತ ತೇವ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಹಾಗಾಗಿ ಮೋಡ ಕವಿದ ದಿನವೂ ಸುಸ್ತಾಗುತ್ತದೆ. ಆಟಕ್ಕೆ ಮೊದಲೇ ನೀರು ಕುಡಿಯಲು ಶುರು ಮಾಡಿ. ಆಡುವಾಗ ಪ್ರತಿ ಹೋಲ್‌ಗೂ ನಾಲ್ಕು ಗುಟುಕು, ನಡುನಡುವೆ ಓಆರ್‌ಎಸ್‌ನಂಥ ಉಪ್ಪು-ಸಕ್ಕರೆಯ ನೀರು. ಬಿಯರ್ ಆಟ ಮುಗಿದ ಮೇಲೆ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಮೇಲಿನದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿ ಮತ್ತು ಕತ್ತಿನ ಹಿಂಭಾಗವನ್ನು ಎಲ್ಲರೂ ಮರೆಯುತ್ತಾರೆ.

ತಲೆ ಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ಆಟ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬನ್ನಿ. ಜೊತೆಯವರು ಮಾತು ತಡವರಿಸುತ್ತಿದ್ದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಂತಿದ್ದರೆ ಅದು ಹೀಟ್ ಸ್ಟ್ರೋಕ್. ಪ್ರಾಣಕ್ಕೇ ಅಪಾಯ. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಕ್ಲಬ್‌ಹೌಸ್‌ಗೆ ಫೋನ್ ಮಾಡಿ ಆಂಬುಲೆನ್ಸ್ ತರಿಸಿ. ಕ್ಲಬ್‌ನ ನಂಬರ್ ಸ್ಕೋರ್‌ಕಾರ್ಡಿನಲ್ಲಿ ಇಲ್ಲದಿದ್ದರೆ ಶುರುವಿನಲ್ಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಹೆಜ್ಜೆ 8: ಗೇಟಿನಿಂದ ಮೊದಲ ಟೀವರೆಗೆ (ಆಟ ಶುರುವಾಗುವ ಜಾಗ)

ಒಂದು ಗಂಟೆ ಮೊದಲು ತಲುಪಿ. ಗೇಟಿನಲ್ಲಿ ಹೆಸರು ಬರೆಸಬೇಕು, ಗುರುತಿನ ಚೀಟಿ ಕೇಳಬಹುದು. ನಿಮ್ಮನ್ನು ಕರೆದ ಸದಸ್ಯರ ಪೂರ್ತಿ ಹೆಸರು, ಸಾಧ್ಯವಾದರೆ ಸದಸ್ಯತ್ವದ ನಂಬರ್ ಕೈಯಲ್ಲಿರಲಿ.

ಹಲವು ಕ್ಲಬ್‌ಗಳಲ್ಲಿ ಅತಿಥಿಗಳ ಕೈಯಿಂದ ನಗದು ತೆಗೆದುಕೊಳ್ಳುವುದೇ ಇಲ್ಲ. ಎಲ್ಲವೂ ಸದಸ್ಯರ ಲೆಕ್ಕಕ್ಕೆ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಮೂರು ಜನ ಸೇರಿ ಒಬ್ಬರ ಲೆಕ್ಕಕ್ಕೆ ಊಟ, ಬಗ್ಗಿ, ಚೆಂಡು ಎಲ್ಲ ಬರೆಸಿ ನಗುನಗುತ್ತಾ ಹೊರಟರೆ ಮುಂದಿನ ಸಲ ಕರೆ ಬರುವುದಿಲ್ಲ. ‘ನಮ್ಮ ಪಾಲು ಹೇಗೆ ಕೊಡಲಿ?’ ಅಂತ ಹಿಂದಿನ ದಿನವೇ ಕೇಳಿಬಿಡಿ. ಬೇಡ ಅಂದರೆ ಎರಡು ಸಲ ಒತ್ತಾಯಿಸಿ, ಮೂರನೇ ಸಲ ಸುಮ್ಮನಾಗಿ. ಕ್ಯಾಡಿಗೆ ಕೊಡುವ ಟಿಪ್ಸ್ ಮಾತ್ರ ನಗದಿನಲ್ಲೇ, ನಿಮ್ಮ ಕೈಯಿಂದಲೇ. ಎಷ್ಟು ಕೊಡುವುದು ವಾಡಿಕೆ ಅಂತ ಸದಸ್ಯರನ್ನೋ ಪ್ರೊ ಶಾಪ್ ಅನ್ನುವ ಕ್ಲಬ್ ಅಂಗಡಿಯವರನ್ನೋ ಕೇಳಿ. ಕಡಿಮೆ ಕೊಟ್ಟರೆ ಕ್ಯಾಡಿಗೆ ಬೇಜಾರು, ತೀರಾ ಜಾಸ್ತಿ ಕೊಟ್ಟರೆ ಅಲ್ಲಿನ ಸದಸ್ಯರಿಗೆ ಬೇಜಾರು.

ಕ್ಲಬ್‌ಹೌಸ್ ಒಳಗೆ ಟೋಪಿ ತೆಗೆಯಿರಿ. ಫೋನ್ ಸೈಲೆಂಟ್‌ನಲ್ಲಿರಲಿ, ಮಾತನಾಡಲು ಹೊರಗೆ ಹೋಗಿ. ಫೋಟೋ ತೆಗೆಯುವ ಮೊದಲು ಕೇಳಿ, ಬೇರೆ ಸದಸ್ಯರ ಮುಖ ಬರುವ ಫೋಟೋ ಬೇಡವೇ ಬೇಡ. ನೋಟಿಸ್ ಬೋರ್ಡಿನಲ್ಲಿ ಆ ದಿನದ ಲೋಕಲ್ ರೂಲ್ಸ್ ಇರುತ್ತದೆ, ಅದನ್ನು ಓದಿ. ಮಿಂಚಿನ ಸೈರನ್, ಬಗ್ಗಿ ಎಲ್ಲಿ ಓಡಿಸಬಹುದು, ಪ್ರಿಫರ್ಡ್ ಲೈಸ್ (ಚೆಂಡನ್ನು ಎತ್ತಿ ಹತ್ತಿರದ ಒಳ್ಳೆಯ ಜಾಗಕ್ಕೆ ಇಟ್ಟುಕೊಳ್ಳುವ ಅನುಮತಿ) ಇದೆಯಾ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪ್ರಾಕ್ಟೀಸ್ ಗ್ರೀನ್‌ನಲ್ಲಿ ಕಾಲು ಗಂಟೆ. ಅಲ್ಲಿನ ಹುಲ್ಲು ಹೇಗಿದೆ ಅಂತ ತಿಳಿಯಲು ಇದೊಂದೇ ಅವಕಾಶ.

ಹೆಜ್ಜೆ 9: ಆ ಹುಲ್ಲು, ಆ ನೀರು

ತಂಪು ದೇಶದ ಗ್ರೀನ್‌ಗಳಲ್ಲಿ ಆಡಿದವರಿಗೆ ಇಲ್ಲಿ ಮೊದಲ ಕಷ್ಟ ಪಟ್ಟಿಂಗ್. ಉಷ್ಣವಲಯದಲ್ಲಿ ಬರ್ಮುಡಾ, ಜೋಯ್ಸಿಯಾ, ಪಾಸ್ಪಲಮ್ ಜಾತಿಯ ಹುಲ್ಲು ಜಾಸ್ತಿ. ಸಮುದ್ರದ ಪಕ್ಕದ ಕೋರ್ಸ್‌ಗಳಲ್ಲಿ ಪಾಸ್ಪಲಮ್ ಹಾಕುವುದು ಅದು ಉಪ್ಪು ನೀರನ್ನು ತಡೆದುಕೊಳ್ಳುತ್ತದೆ ಅಂತ. ಬರ್ಮುಡಾದಂಥ ಹುಲ್ಲು ಒಂದೇ ದಿಕ್ಕಿಗೆ ವಾಲಿ ಬೆಳೆಯುತ್ತದೆ, ಅದನ್ನು ಗ್ರೇನ್ ಅನ್ನುತ್ತಾರೆ. ಹುಲ್ಲು ವಾಲಿದ ಕಡೆಗೆ ಹೊಡೆದರೆ ಚೆಂಡು ಜೋರಾಗಿ ಓಡುತ್ತದೆ, ಎದುರಾಗಿ ಹೊಡೆದರೆ ಅರ್ಧಕ್ಕೇ ನಿಲ್ಲುತ್ತದೆ, ಅಡ್ಡ ಹೊಡೆದರೆ ಪಕ್ಕಕ್ಕೆ ಎಳೆಯುತ್ತದೆ.

ಗ್ರೇನ್ ಕಂಡುಹಿಡಿಯುವುದು ಹೀಗೆ. ಚೆಂಡಿನ ಹಿಂದೆ ನಿಂತು ಹೋಲ್ (ಇಲ್ಲಿ ಚೆಂಡು ಬೀಳಬೇಕಾದ ಗುಂಡಿ) ಕಡೆ ನೋಡಿ. ಹುಲ್ಲು ಹೊಳೆಯುತ್ತಿದ್ದರೆ ಅದು ನಿಮ್ಮಿಂದ ಆಚೆ ವಾಲಿದೆ, ಪಟ್ ವೇಗವಾಗಿ ಹೋಗುತ್ತದೆ. ಕಡು ಹಸಿರಾಗಿ ಮಂಕಾಗಿದ್ದರೆ ನಿಮ್ಮ ಕಡೆ ವಾಲಿದೆ, ಜೋರಾಗಿ ಹೊಡೆಯಿರಿ. ಅನುಮಾನವಿದ್ದರೆ ಹೋಲಿನ ಅಂಚು ನೋಡಿ. ಯಾವ ಬದಿ ಕಿತ್ತುಹೋದಂತೆ ಒರಟಾಗಿದೆಯೋ ಗ್ರೇನ್ ಆ ಕಡೆಗಿದೆ. ಇದರ ಮೇಲೂ ಕ್ಯಾಡಿ ಬೇರೆ ಹೇಳಿದರೆ ಕ್ಯಾಡಿಯ ಮಾತೇ ಸರಿ. ಅವರು ಆ ಗ್ರೀನ್ ಮೇಲೆ ದಿನವೂ ನಡೆಯುವವರು.

ತೇವದ ಗಾಳಿ ಭಾರ, ಚೆಂಡು ದೂರ ಹೋಗುವುದಿಲ್ಲ ಅನ್ನುವ ಮಾತನ್ನು ಎಲ್ಲ ಕ್ಲಬ್‌ಹೌಸ್‌ನಲ್ಲೂ ಕೇಳುತ್ತೀರಿ. ನಿಜ ಉಲ್ಟಾ. ನೀರಿನ ಆವಿ ಗಾಳಿಗಿಂತ ಹಗುರ, ಬಿಸಿ ಗಾಳಿ ಇನ್ನೂ ಹಗುರ. ಗಾಳಿಯಲ್ಲಿ ಚೆಂಡು ಸ್ವಲ್ಪ ಜಾಸ್ತಿಯೇ ಹಾರುತ್ತದೆ. ಆದರೆ ನೆನೆದ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲು) ಮೇಲೆ ಬಿದ್ದಲ್ಲೇ ನಿಲ್ಲುತ್ತದೆ, ಉರುಳುವುದಿಲ್ಲ. ಒಟ್ಟು ದೂರ ಕಡಿಮೆಯಾಗುವುದು ಅದರಿಂದ.

ಮಳೆ ಬಂದುಹೋದ ಮೇಲೆ ಕೆಲವು ನಿಯಮಗಳು ನಿಮ್ಮ ಪರವಾಗಿವೆ. ನಿಂತಾಗ ಕಾಲ ಸುತ್ತ ನೀರು ಕಾಣಿಸಿದರೆ ಅದು ಟೆಂಪರರಿ ವಾಟರ್, ದಂಡವಿಲ್ಲದೆ ಒಣ ಜಾಗಕ್ಕೆ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಎತ್ತಿ ಕೈಯಿಂದ ಬೀಳಿಸಬಹುದು. ಬರೀ ಇಬ್ಬನಿಗೆ ಇದು ಅನ್ವಯಿಸುವುದಿಲ್ಲ. ಬಿದ್ದ ರಭಸಕ್ಕೆ ಚೆಂಡು ತಾನೇ ಮಾಡಿದ ಗುಳಿಯಲ್ಲಿ ಹೂತುಹೋದರೆ, ಬಂಕರ್ (ಮರಳಿನ ಗುಂಡಿ) ಮತ್ತು ಪೆನಾಲ್ಟಿ ಏರಿಯಾ (ಕೆರೆ, ಕಾಲುವೆಯಂಥ ಜಾಗ) ಬಿಟ್ಟು ಉಳಿದ ಕಡೆ ಅದಕ್ಕೂ ಉಚಿತ ಡ್ರಾಪ್. ಬಂಕರ್ ತುಂಬ ನೀರಿದ್ದರೆ ಬಂಕರ್ ಒಳಗೇ ನೀರು ಕಡಿಮೆ ಇರುವ ಕಡೆ ಉಚಿತ, ಹೊರಗೆ ಬರಬೇಕಾದರೆ ಒಂದು ಹೊಡೆತದ ದಂಡ. 2019ರಿಂದ ಡ್ರಾಪ್ ಮಾಡಬೇಕಾದದ್ದು ಮಂಡಿಯ ಎತ್ತರದಿಂದ, ಚೆಂಡು ಹುಡುಕಲು ಸಿಗುವುದು ಮೂರೇ ನಿಮಿಷ. ಆ ದಟ್ಟ ರಫ್‌ನಲ್ಲಿ (ಬದಿಯ ಉದ್ದ ಹುಲ್ಲಿನಲ್ಲಿ) ಮೂರು ನಿಮಿಷ ಏನೇನೂ ಸಾಲದು. ಅನುಮಾನವಿದ್ದರೆ ಮೊದಲೇ ಪ್ರೊವಿಷನಲ್ ಚೆಂಡು (ಮೊದಲನೆಯದು ಸಿಗದಿದ್ದರೆ ಇರಲಿ ಅಂತ ಇನ್ನೊಂದು) ಹೊಡೆದಿಡಿ.

ಪ್ರಾಣಿಗಳ ವಿಷಯ. ಉಡ, ಕೋತಿ, ಹಾವು ಇವೆಲ್ಲ ಅಲ್ಲಿನ ಖಾಯಂ ಸದಸ್ಯರು. ಕೋತಿ ನಿಂತ ಚೆಂಡನ್ನು ಎತ್ತಿಕೊಂಡು ಹೋದರೆ ಇದ್ದ ಜಾಗದಲ್ಲೇ ಇನ್ನೊಂದು ಇಡಿ, ದಂಡವಿಲ್ಲ. ಚೆಂಡಿನ ಪಕ್ಕ ವಿಷದ ಹಾವೋ, ಜೇನುಗೂಡೋ, ಬೆಂಕಿ ಇರುವೆಯೋ ಇದ್ದರೆ ಅಪಾಯವಿಲ್ಲದ ಹತ್ತಿರದ ಜಾಗಕ್ಕೆ ಉಚಿತವಾಗಿ ಸರಿಯಬಹುದು. ಆಸ್ಟ್ರೇಲಿಯಾದ ಉತ್ತರದಂಥ ಮೊಸಳೆ ಸೀಮೆಯಲ್ಲಿ ನೀರಿನ ಅಂಚಿಗೆ ಚೆಂಡು ಹುಡುಕಲು ಹೋಗಲೇಬೇಡಿ. ಎಲ್ಲ ಕಡೆಯೂ ಉದ್ದ ಹುಲ್ಲಿಗೆ ಕೈ ಹಾಕುವ ಮೊದಲು ಕೋಲಿನಿಂದ ತಡವಿ ನೋಡಿ.

ಮಳೆ ಬಿದ್ದ ದಿನ ಬಗ್ಗಿ ಹುಲ್ಲಿಗೆ ಇಳಿಸಬೇಡಿ ಅನ್ನುತ್ತಾರೆ, ದಾರಿಯಲ್ಲೇ ನಿಲ್ಲಿಸಿ ಚೆಂಡಿನ ಹತ್ತಿರ ನಡೆಯಬೇಕು. ಹೋಗುವಾಗ ಮೂರು-ನಾಲ್ಕು ಕೋಲು ಹಿಡಿದು ಹೋಗಿ. ಇಲ್ಲದಿದ್ದರೆ ಓಡಾಟದಲ್ಲೇ ಸುಸ್ತು, ಹಿಂದಿನವರಿಗೂ ಕಾಯುವ ಕರ್ಮ. ಕಿತ್ತ ಹುಲ್ಲಿನ ಜಾಗಕ್ಕೆ ಬಗ್ಗಿಯಲ್ಲಿರುವ ಮರಳು ಹಾಕಿ, ಗ್ರೀನ್ ಮೇಲಿನ ನಿಮ್ಮ ಚೆಂಡಿನ ಗುಳಿ ಸರಿ ಮಾಡಿ, ಪಕ್ಕದಲ್ಲಿ ಇನ್ನೊಂದಿದ್ದರೆ ಅದನ್ನೂ. ಅತಿಥಿ ಒಳ್ಳೆಯವರಾ ಅಂತ ಸದಸ್ಯರು ಅಳೆಯುವುದು ಸ್ಕೋರಿನಿಂದ ಅಲ್ಲ, ಇದರಿಂದ.

ಹೆಜ್ಜೆ 10: ಮಿಂಚು

ಇದಕ್ಕೆ ಬೇರೆಯೇ ಹೆಜ್ಜೆ ಬೇಕು. ಸಿಂಗಪುರ, ಮಲೇಷ್ಯಾದ ಕಡೆ ಬೀಳುವಷ್ಟು ಮಿಂಚು ಜಗತ್ತಿನ ಕೆಲವೇ ಜಾಗಗಳಲ್ಲಿ ಬೀಳುತ್ತದೆ. ಬಯಲಿನಲ್ಲಿ ಲೋಹದ ಕೋಲು ಎತ್ತಿ ನಿಂತವರು ನೀವು.

ಸೈರನ್ ಭಾಷೆ ಕಲಿತುಕೊಳ್ಳಿ. ರೂಲ್ಸ್ ರೂಪಿಸುವವರು ಶಿಫಾರಸು ಮಾಡಿರುವ ಕ್ರಮ ಇದು: ಒಂದು ಉದ್ದನೆಯ ಸದ್ದು ಬಂದರೆ ತಕ್ಷಣ ನಿಲ್ಲಿಸಬೇಕು, ಇನ್ನೊಂದು ಹೊಡೆತವೂ ಇಲ್ಲ. ಮೂರು ಸದ್ದು ಬಂದರೆ ಮಾಮೂಲಿ ನಿಲುಗಡೆ. ಎರಡು ಚಿಕ್ಕ ಸದ್ದು ಬಂದರೆ ಮತ್ತೆ ಆಡಬಹುದು. ಕ್ಲಬ್ ಬೇರೆ ಕ್ರಮ ಇಟ್ಟುಕೊಂಡಿರಬಹುದು, ಬೋರ್ಡು ನೋಡಿ. ಸೈರನ್ ಬರಲಿಲ್ಲ ಅಂತ ಕಾಯಬೇಕಿಲ್ಲ. ಮಿಂಚಿನ ಅಪಾಯ ಇದೆ ಅಂತ ನಿಮಗೇ ಅನ್ನಿಸಿದರೆ ಸ್ಪರ್ಧೆಯಲ್ಲೂ ಆಟ ನಿಲ್ಲಿಸುವ ಹಕ್ಕು ನಿಮಗಿದೆ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವಷ್ಟರಲ್ಲಿ ಗುಡುಗು ಬಂದರೆ ಅದು 10 ಕಿಲೋಮೀಟರ್ ಒಳಗಿದೆ, ಹೊರಡಿ. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ವಾಪಸ್ ಬರಬೇಡಿ. ಮರದ ಕೆಳಗೆ ಬೇಡ, ಛತ್ರಿ ಬೇಡ, ಬಗ್ಗಿಯ ಮಾಡು ರಕ್ಷಣೆ ಅಲ್ಲ. ಗಟ್ಟಿ ಕಟ್ಟಡ, ಅಥವಾ ಕಿಟಕಿ ಮುಚ್ಚಿದ ಕಾರು ಸರಿ. ‘ಈ ಒಂದು ಪಟ್ ಮುಗಿಸಿಬಿಡೋಣ’ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ.

ಹೆಜ್ಜೆ 11: ಆಟ ಮುಗಿದ ಮೇಲೆ

ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಕ್ಲಬ್‌ಹೌಸ್‌ನಲ್ಲಿ ಕೂರಿ. ಸದಸ್ಯರ ಜೊತೆ ಹೋಗಿದ್ದರೆ ತಕ್ಷಣ ಎದ್ದು ಹೊರಡುವುದು ಚೆನ್ನಾಗಿರುವುದಿಲ್ಲ, ಒಂದು ಗಂಟೆ ಮಾತಿಗೆ ಇಟ್ಟುಕೊಳ್ಳಿ. ಒಬ್ಬರೇ ಹೋಗಿದ್ದರೆ ಬಿಲ್ ಮುಗಿಸಿ, ಬಾಡಿಗೆ ಸೆಟ್ ಎಣಿಸಿ ವಾಪಸ್ ಕೊಡಿ, ಲಾಕರ್ ಕೀ ಜೇಬಿನಲ್ಲಿ ಉಳಿದಿದೆಯಾ ನೋಡಿ. ಮರುದಿನ ಸದಸ್ಯರಿಗೂ ಕ್ಲಬ್ ಕಚೇರಿಗೂ ಎರಡು ಸಾಲಿನ ಧನ್ಯವಾದ ಕಳಿಸಿ. ಹ್ಯಾಂಡಿಕ್ಯಾಪ್‌ಗೆ ಲೆಕ್ಕವಾಗುವ ರೌಂಡ್ ಆಡಿದ್ದರೆ ಸ್ಕೋರ್ ಅದೇ ದಿನ ದಾಖಲಿಸಿ, ಕೋರ್ಸ್ ರೇಟಿಂಗ್ ಮತ್ತು ಸ್ಲೋಪ್ ಸ್ಕೋರ್‌ಕಾರ್ಡಿನ ಮೇಲೇ ಇರುತ್ತದೆ.

ಪ್ಯಾಕ್ ಮಾಡುವ ಮೊದಲು ಶೂ, ಕೋಲು, ಟೀ (ಚೆಂಡು ಇಡುವ ಪುಟ್ಟ ಮೊಳೆ) ಎಲ್ಲವನ್ನೂ ಬ್ರಷ್ ಹಾಕಿ ತೊಳೆದು ಒಣಗಿಸಿ. ನೆನೆದ ಗ್ಲೌಸ್ ಮುಚ್ಚಿದ ಬ್ಯಾಗಿನಲ್ಲಿ ಒಂದೇ ರಾತ್ರಿಗೆ ಬೂಸ್ಟು ಹಿಡಿಯುತ್ತದೆ. ಅಲ್ಲಿಂದ ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್‌ಗೆ ಹೋಗುವವರಿಗೆ ತೊಳೆಯುವುದು ಇನ್ನೂ ಮುಖ್ಯ. ಬಳಸಿದ ಗಾಲ್ಫ್ ಶೂ, ಕಿಟ್‌ನಲ್ಲಿ ಮಣ್ಣು, ಹುಲ್ಲಿನ ಬೀಜ ಇರಬಾರದು ಅಂತ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುತ್ತಾರೆ. ಫಾರಂನಲ್ಲಿ ಇವೆ ಅಂತ ಬರೆದು, ಬ್ಯಾಗಿನಲ್ಲಿ ಮೇಲೆಯೇ ಕೈಗೆ ಸಿಗುವಂತೆ ಇಡಿ.